ಬೆಸ್ಸಿ ಓಡಿದ ಭಾನುವಾರ

ಯೂನಿಯನ್ ಸಿಟಿ

ಅಮೆರಿಕಕ್ಕೆ ಹೋಗಿ ಬಂದವರು ಮೊದಲು ತೋರಿಸುವುದು ಕೆಂಪು ಸೇತುವೆಯ ಫೋಟೋ. ನಾನೂ ಆ ಸೇತುವೆಗೆ ಹೋಗಿದ್ದೆ. ಮಂಜು ಕವಿದು ಅರ್ಧ ಕಂಡಿತು, ಉಳಿದರ್ಧವನ್ನು ನನ್ನ ತಮ್ಮ ಬಾಯಲ್ಲೇ ವರ್ಣಿಸಿದ. ಆದ್ದರಿಂದ ಸೇತುವೆಯ ಸುದ್ದಿಯನ್ನು ಬೇರೆಯವರಿಂದ ಕೇಳಿಕೊಳ್ಳಿ. ಆರು ವಾರ ಅಲ್ಲಿದ್ದು ನಾನು ಹೊತ್ತು ತಂದದ್ದು ಒಂದು ವಯಸ್ಸಾದ ನಾಯಿಯ ನೆನಪು, ಅದರ ಯಜಮಾನರ ನೆನಪು. ಊರಿಗೆ ಬಂದು ಇಷ್ಟು ದಿನವಾದರೂ ಅದು ಮನಸ್ಸಿನಿಂದ ಇಳಿದಿಲ್ಲ.

ನಾನು ಹೋದದ್ದು ತಮ್ಮನ ಗೃಹಪ್ರವೇಶಕ್ಕೆ. ರೇಷ್ಮೆ ಇಲಾಖೆಯಲ್ಲಿ ಇಪ್ಪತ್ತೆಂಟು ವರ್ಷ ಗೂಡು ಮುಟ್ಟಿ ನೋಡಿ ಒಳ್ಳೆಯದು, ಜೊಳ್ಳು ಎಂದು ಬೇರೆ ಮಾಡುತ್ತ ಕೂತವಳಿಗೆ ಮೊದಲ ಸಲ ಇಷ್ಟು ದೊಡ್ಡ ರಜೆ ಸಿಕ್ಕಿತ್ತು. ತಮ್ಮನ ಹೆಸರು ಪುಟ್ಟಸ್ವಾಮಿ. ಮದ್ದೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಪುಟ್ಟ, ಅಲ್ಲಿಯ ಆಫೀಸಿನಲ್ಲಿ ಸ್ವಾಮಿ. ಅವನು, ಹೆಂಡತಿ ಸುಧಾ, ಏಳು ವರ್ಷದ ಮಗಳು ಮೇಘಾ, ಮೂವರೂ ಯೂನಿಯನ್ ಸಿಟಿಯ ಒಂದು ಅಪಾರ್ಟ್‌ಮೆಂಟಿನಲ್ಲಿದ್ದರು. ಡಾಟ್ ಕಾಮ್ ಕಂಪನಿಗಳ ಗುಳ್ಳೆ ಒಡೆಯಲು ಶುರುವಾಗಿದ್ದ ಚಳಿಗಾಲ ಅದು. ಸಂಜೆಯಾದರೆ ಫೋನು ಬರುತ್ತಿತ್ತು, ಇವತ್ತು ಯಾರ ಕೆಲಸ ಹೋಯಿತು ಎಂದು. ಫೋನಿಟ್ಟ ಮೇಲೆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಆದರೆ ಮನೆಗೆ ಸಹಿ ಹಾಕಿಯಾಗಿತ್ತು.

ನಾನು ಬಂದ ಮೂರನೆಯ ದಿನ ತಮ್ಮ ತಲೆ ಕೆರೆದುಕೊಂಡು ಹೇಳಿದ, "ಅಕ್ಕ, ಒಂದು ಸಣ್ಣ ಪ್ರಾಬ್ಲಮ್ಮು. ಮನೇಲಿ ಟೆನೆಂಟು ಇನ್ನೂ ಇದಾರೆ."

"ಮತ್ತೆ ಶುಕ್ರವಾರ ಮುಹೂರ್ತ ಇಟ್ಟಿದೀಯಲ್ಲೋ?"

"ಅವರು ಮಂತ್ ಎಂಡಿಗೆ ಖಾಲಿ ಮಾಡ್ತಾರೆ. ನೀನು ಇರೋದ್ರೊಳಗೆ ಪುರೋಹಿತರಿಗೆ ಬೇರೆ ಡೇಟು ಸಿಗ್ತಿಲ್ಲ. ಅದಕ್ಕೆ ಅವರನ್ನೇ ಕೇಳ್ದೆ. ಶೂರ್, ಸ್ಟವ್ ಕ್ಲೀನ್ ಮಾಡಿಡ್ತೀನಿ ಅಂದ್ರು."

"ಜನ ಇರೋ ಮನೇಲಿ ಹೋಗಿ ಹಾಲು ಉಕ್ಕಿಸ್ತಾರೇನೋ ಪುಟ್ಟ? ಅವರ ಒಲೆ, ಅವರ ಮನೆ..."

"ನಮ್ಮನೆ ಅಕ್ಕ," ಎಂದ ಅವನು. ಎಂದವನೇ ಬೇರೆ ಕಡೆ ನೋಡಿದ.

ಕ್ಯಾಂಪ್‌ಬೆಲ್

ತಮ್ಮ ಕೊಂಡ ಮನೆ ಕ್ಯಾಂಪ್‌ಬೆಲ್ ಎಂಬ ಊರಿನಲ್ಲಿತ್ತು, ಅಲ್ಲಿ ಬಾಡಿಗೆಗಿದ್ದವರ ಹೆಸರು ಎಲ್ಮರ್. ಎಪ್ಪತ್ತೆಂಟರ ಹತ್ತಿರದ ವಯಸ್ಸು, ಉದ್ದನೆಯ ಆಳು, ಹೆಂಡತಿ ತೀರಿಕೊಂಡಿದ್ದರು. ಕ್ಯಾಂಪ್‌ಬೆಲ್ಲಿನ ಸುತ್ತ ಹಣ್ಣಿನ ತೋಟಗಳಿದ್ದ ಕಾಲದಲ್ಲಿ ಹಣ್ಣು ಒಣಗಿಸುವ ಅಂಗಳದಲ್ಲಿ ಕೆಲಸಕ್ಕಿದ್ದವರು, ಆಮೇಲೆ ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡಿದವರು. ಮೂವತ್ತು ವರ್ಷದಿಂದ ಅದೇ ಮನೆಯಲ್ಲಿ ಬಾಡಿಗೆಗಿದ್ದರು. ಒಡತಿ ತೀರಿಕೊಂಡಳು, ಮಕ್ಕಳು ಮಾರಿದರು, ಸಾಲುಗಟ್ಟಿ ನಿಂತ ಇಂಜಿನಿಯರುಗಳಲ್ಲಿ ನನ್ನ ತಮ್ಮನ ಕೈಗೆ ಮನೆ ಸಿಕ್ಕಿತು. ಮಂಡ್ಯದಲ್ಲಾಗಿದ್ದರೆ ಬಾಡಿಗೆದಾರ ಕೋರ್ಟಿಗೆ ಹೋಗಿ ಮೊಮ್ಮಕ್ಕಳ ಮದುವೆಯನ್ನೂ ಅದೇ ಮನೆಯಲ್ಲಿ ಮಾಡುತ್ತಿದ್ದ. ಇಲ್ಲಿ ಒಂದು ಕಾಗದ ಬಂದರೆ ಸಾಕು, ಮಾತಿಲ್ಲದೆ ಪೆಟ್ಟಿಗೆ ಕಟ್ಟುತ್ತಾರೆ.

ಶುಕ್ರವಾರ ಬೆಳಿಗ್ಗೆ ಕಳಶ, ತೆಂಗಿನಕಾಯಿ, ಬಾಳೆಹಣ್ಣು ಹೊತ್ತು ನಾವು ಹೋದಾಗ ಎಲ್ಮರ್ ಟೈ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. ಒಳಗೆ ಅರ್ಧ ಸಾಮಾನು ರಟ್ಟಿನ ಪೆಟ್ಟಿಗೆಗೆ ಸೇರಿತ್ತು. ಒಲೆ ಮಾತ್ರ ಕನ್ನಡಿಯಾಗಿತ್ತು. ಪುರೋಹಿತರು ಮೊದಲು ಹಸು ಒಳಗೆ ಬರಬೇಕು, ಇಲ್ಲಿ ಹಸು ಸಿಗುವುದಿಲ್ಲವಾದ್ದರಿಂದ ಬೆಳ್ಳಿಯ ಹಸು ಸಾಕು ಎಂದರು. ಸುಧಾ ಚೀಲದಲ್ಲಿ ಬೆಳ್ಳಿ ಹಸು ಹುಡುಕುತ್ತಿರುವಾಗ ಎಲ್ಮರ್ ಕಾಲ ಸಂದಿಯಿಂದ ಒಂದು ನಾಯಿ ಹೊರಗೆ ಬಂದು, ನಮ್ಮನ್ನೆಲ್ಲ ಮೂಸಿ, ತಿರುಗಿ ಗಂಭೀರವಾಗಿ ಹೊಸಿಲು ದಾಟಿ ಒಳಗೆ ಹೋಯಿತು. ಪುರೋಹಿತರು ಕಣ್ಣು ಮುಚ್ಚಿಕೊಂಡರು. ನನಗೆ ನಗು ತಡೆಯಲಾಗಲಿಲ್ಲ.

ಅದೇ ಬೆಸ್ಸಿ. ಬೀಗಲ್ ಎಂಬ ಜಾತಿ. ಮೊಳಕಾಲಿಗಿಂತ ಕುಳ್ಳು, ಜೋಲು ಕಿವಿ, ಬಿಳಿ ಮೈಗೆ ಕಪ್ಪು ಕಂದು ಮಚ್ಚೆ, ಮೂತಿ ನರೆತಿತ್ತು. ಒಂಬತ್ತು ವರ್ಷ ತುಂಬಿತ್ತು. ಹಾಲು ಉಕ್ಕಿ ಒಲೆಯಿಂದ ನೆಲಕ್ಕೆ ಹರಿದಾಗ ಯಾರೂ ಹೇಳದೆ ಬಂದು ಅಷ್ಟನ್ನೂ ನೆಕ್ಕಿ ಸ್ವಚ್ಛ ಮಾಡಿತು. ಸುಧಾ "ಅಯ್ಯೋ ಅತ್ತಿಗೆ!" ಎಂದು ಬಾಯಿ ಮೇಲೆ ಕೈಯಿಟ್ಟಳು. ಎಲ್ಮರ್ ತಮ್ಮದೇ ಕುರ್ಚಿಯಲ್ಲಿ, ಬಂದ ಅತಿಥಿಯ ಹಾಗೆ, ಮೊಣಕಾಲಿನ ಮೇಲೆ ಎರಡು ಕೈಯಿಟ್ಟು ಕೂತು ಎಲ್ಲವನ್ನೂ ನೋಡುತ್ತಿದ್ದರು. ಅಕ್ಷತೆ ಕೊಟ್ಟಾಗ ಎದ್ದು ನಿಂತು ನನ್ನ ತಮ್ಮನ ತಲೆಯ ಮೇಲೆ ಹಾಕಿದರು.

ಒಂದು ಗಂಟೆ ಕಳೆಯುವುದರೊಳಗೆ ಮೇಘಾಳಿಗೆ ಉಬ್ಬಸ ಶುರುವಾಯಿತು. ಅವಳಿಗೆ ನಾಯಿಯ ಕೂದಲು ಆಗುವುದಿಲ್ಲ. ಮದ್ದಿನ ಪಂಪು ಎಳೆಸಿ, ಹೊರಗೆ ಕೂರಿಸಿ ಸುಧಾರಿಸಬೇಕಾಯಿತು. ಎಲ್ಮರ್ ಕಿಟಕಿಯಿಂದ ಅದನ್ನು ನೋಡಿದರು. ಆಮೇಲೆ ತಮ್ಮ ನನಗೆ ಹೇಳಿದ, ಅವರು ಒಂದು ಮಾತು ಕೇಳಬೇಕೆಂದು ನಾಲ್ಕು ದಿನದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದರಂತೆ, ನಾಯಿಯನ್ನು ನೀವೇ ಇಟ್ಟುಕೊಳ್ಳುತ್ತೀರಾ ಎಂದು. ಮಗುವನ್ನು ನೋಡಿದ ಮೇಲೆ ಆ ಆಸೆ ಬಿಟ್ಟೆ ಎಂದರಂತೆ.

ಅವರು ಬುಧವಾರ ಹೋಗಲಿದ್ದ ವೃದ್ಧರ ವಸತಿಯಲ್ಲಿ ನಾಯಿಗೆ ಜಾಗವಿರಲಿಲ್ಲ. ಬೀದಿನಾಯಿಗಳನ್ನು ಇಡುವ ಕಡೆಗೆ ಕೊಟ್ಟರೆ ಒಂಬತ್ತು ವರ್ಷದ ನಾಯಿಯನ್ನು ಯಾರೂ ಒಯ್ಯುವುದಿಲ್ಲ, ಕೆಲವು ದಿನ ನೋಡಿ ಸೂಜಿ ಚುಚ್ಚುತ್ತಾರೆ. ಉಳಿದ ಒಂದೇ ದಾರಿ ಕಾರ್ಲ್ ಎಂಬ ಹಳೆಯ ಗೆಳೆಯ. ಸಿಯೆರಾ ಬೆಟ್ಟದಲ್ಲಿ, ಹಿಮ ಬೀಳುವ ಕಡೆ ಅವನ ಮನೆ. ಅವನ ಹತ್ತಿರ ಬೇಟೆ ಕಲಿತ ನಾಲ್ಕು ಬೀಗಲ್‌ಗಳಿದ್ದವು, ಚಳಿಗಾಲದಲ್ಲಿ ಬಿಳಿ ಮೊಲ ಹೊಡೆಯುತ್ತಿದ್ದ. ಎಲ್ಮರ್ ಕೂಡ ಬೆಸ್ಸಿಯನ್ನು ಮರಿಯಿಂದ ಅದಕ್ಕೇ ಪಳಗಿಸಿದ್ದರು. ಆದರೆ ಕಣ್ಣಿಗೆ ಪೊರೆ ಬಂದು, ಕಾರಿನ ಲೈಸೆನ್ಸು ಹೋಗಿ, ಎರಡು ಚಳಿಗಾಲದಿಂದ ಅವಳು ಹಿಮ ಮೆಟ್ಟಿರಲಿಲ್ಲ. ಕಾರ್ಲ್ ಫೋನಿನಲ್ಲಿ ನೇರವಾಗಿ ಹೇಳಿದ್ದನಂತೆ: ಇನ್ನೂ ಓಡುವ ನಾಯಿಯಾದರೆ ಇರಲಿ, ಕೂತು ತಿನ್ನುವ ನಾಯಿಯನ್ನು ಇಡಲಾರೆ, ಕರೆದುಕೊಂಡು ಬಾ ನೋಡೋಣ. ಬೇಟೆಯ ಕಾಲ ಮುಗಿಯಲು ಒಂದೇ ಭಾನುವಾರ ಉಳಿದಿತ್ತು.

"ನಾನು ಡ್ರೈವ್ ಮಾಡ್ತೀನಿ ಅಂತ ಹೇಳಿಬಿಟ್ಟೆ ಅಕ್ಕ," ಎಂದ ತಮ್ಮ.

ಸುಧಾ ಸಿಡುಕಿದಳು. "ಗೃಹಪ್ರವೇಶ ಆಗಿ ಎರಡು ದಿನ ಆಗಿಲ್ಲ, ಬೇಟೆಗೆ ಹೋಗ್ತಾರಂತೆ! ಅತ್ತಿಗೆ, ನೀವಾದ್ರೂ ಹೇಳಿ."

ನಾನು ಹೇಳಿದ್ದು ಒಂದೇ: "ನಾನೂ ಬರ್ತೀನಿ ಕಣೋ."

ಬೆಟ್ಟದ ದಾರಿ

ನಮ್ಮ ಕಡೆ ಬೇಟೆಗೆ ಹೆಂಗಸರನ್ನು ಕರೆದೊಯ್ಯುವ ರೂಢಿ ಇರಲಿಲ್ಲ. ಗಂಡಸರು ಬಲೆ, ದೊಣ್ಣೆ, ನಾಯಿ ತೆಗೆದುಕೊಂಡು ಹೋಗುತ್ತಿದ್ದರು, ನಾವು ಮಸಾಲೆ ಅರೆದಿಟ್ಟು ಕಾಯುತ್ತಿದ್ದೆವು. ಕಾನೂನು ಬಂದ ಮೇಲೆ ಅದೂ ನಿಂತಿತು. ಹಾಗಾಗಿ ಐವತ್ತೆರಡನೆಯ ವಯಸ್ಸಿನಲ್ಲಿ, ಅಮೆರಿಕದಲ್ಲಿ, ನನ್ನ ಮೊದಲ ಬೇಟೆ.

ಶನಿವಾರ ಬೆಳಿಗ್ಗೆ ಎಲ್ಮರ್ ಅವರ ಹಳೆಯ ಪಿಕಪ್ಪಿನಲ್ಲಿ ಹೊರಟೆವು. ಹಿಂದಿನ ಸೀಟು ಎಂದು ಕರೆಯುವ ಒಂದು ಇಕ್ಕಟ್ಟಿನಲ್ಲಿ ನಾನು, ಮುಂದೆ ತಮ್ಮ ಮತ್ತು ಎಲ್ಮರ್, ಅವರ ತೊಡೆಯ ಮೇಲೆ ಬೆಸ್ಸಿ. ಫ್ರೀವೇ ಹತ್ತಿ ಎರಡು ಗಂಟೆ ಕಳೆದ ಮೇಲೆ ನೆಲ ಚಪ್ಪಟೆಯಾಯಿತು. ನೀರು ನಿಂತ ದೊಡ್ಡ ದೊಡ್ಡ ಗದ್ದೆಗಳು. "ಭತ್ತ," ಎಂದರು ಎಲ್ಮರ್. ನನಗೆ ನಾಲೆ ಬಯಲು ನೆನಪಾಗಿ ಕುತ್ತಿಗೆ ಚಾಚಿ ನೋಡಿದೆ. ಬದುವಿನ ಮೇಲೆ ಒಬ್ಬನೇ ಒಬ್ಬ ಮನುಷ್ಯನಿರಲಿಲ್ಲ. ಅಷ್ಟು ಗದ್ದೆಗೆ ಒಬ್ಬ ಬೈಯುವವನೂ ಬೇಡವೇ ಎನಿಸಿತು.

ಎಲ್ಮರ್ ಅವರ ಇಂಗ್ಲಿಷ್ ನನಗೆ ಅರ್ಧ ತಿಳಿಯುತ್ತಿತ್ತು, ಉಳಿದದ್ದನ್ನು ತಮ್ಮ ಹೇಳುತ್ತಿದ್ದ. ಬೆಸ್ಸಿಯ ವಿದ್ಯಾಭ್ಯಾಸದ ಕಥೆ ದಾರಿಯುದ್ದಕ್ಕೂ ನಡೆಯಿತು. ಬೀಗಲ್‌ಗೆ ಮೂಗು ಹುಟ್ಟಿನಿಂದ ಬರುತ್ತದೆ, ಯಾವುದನ್ನು ಮೂಸಬಾರದು ಎಂಬುದನ್ನು ಮಾತ್ರ ಕಲಿಸಬೇಕಂತೆ. ಜಿಂಕೆಯ ವಾಸನೆಗೆ ಬಿದ್ದ ನಾಯಿ ಬೆಟ್ಟಗಟ್ಟಲೆ ಓಡಿ ಕಳೆದುಹೋಗುತ್ತದೆ, ಅಂಥದ್ದನ್ನು ಯಾವ ಬೇಟೆಗಾರನೂ ಇಡುವುದಿಲ್ಲ. ಬೆಸ್ಸಿಗೆ ಅದನ್ನು ಬಿಡಿಸಲು ಒಂದು ವರ್ಷ ಹಿಡಿಯಿತಂತೆ. "ಹೆಂಡತಿ ಹೋದ ವರ್ಷ ಅದು. ಬೇರೆ ಕೆಲಸ ಇರಲಿಲ್ಲ," ಎಂದರು. ಹೇಳುವಾಗ ಕೈ ನಾಯಿಯ ಕಿವಿಯನ್ನು ಮಡಚುತ್ತಿತ್ತು, ಬಿಡಿಸುತ್ತಿತ್ತು.

ಬೆಟ್ಟ ಹತ್ತುತ್ತಿದ್ದಂತೆ ಹಿಮ ಶುರುವಾಯಿತು. ಚಕ್ರಕ್ಕೆ ಸರಪಳಿ ಕಟ್ಟಬೇಕು ಎಂದು ಬೋರ್ಡು ಬಂತು. ತಮ್ಮ ಇಳಿದು ಅರ್ಧ ಗಂಟೆ ಗುದ್ದಾಡಿ, ಮಂಡಿ ಒದ್ದೆ ಮಾಡಿಕೊಂಡು ಕಟ್ಟಿ ಬಂದ. ಮುಂದೆ ತಪಾಸಣೆಯವನು ಬಗ್ಗಿ ನೋಡಿ ತಲೆಯಾಡಿಸಿದ. ಎಲ್ಮರ್ ಇಳಿದು, ಕಣ್ಣು ಸಾಲದ್ದರಿಂದ ಕೈಯಿಂದ ಚಕ್ರ ತಡವಿ ನೋಡಿ, ಮೆಲ್ಲಗೆ ಹೇಳಿದರು, "ಸ್ವಾಮಿ, ಈ ಗಾಡಿಯನ್ನು ನೂಕುವುದು ಹಿಂದಿನ ಚಕ್ರ." ತಮ್ಮ ತನ್ನ ಕಾರಿನ ಲೆಕ್ಕದಲ್ಲಿ ಮುಂದಿನ ಚಕ್ರಗಳಿಗೆ ಕಟ್ಟಿದ್ದ.

"ಇಂಜಿನಿಯರು," ಎಂದೆ ನಾನು.

"ಸಾಫ್ಟ್‌ವೇರ್ ಇಂಜಿನಿಯರು ಅಕ್ಕ," ಎಂದು ಮತ್ತೆ ಮಂಡಿಯೂರಿದ. ಎಲ್ಮರ್ ಅವನ ಪಕ್ಕದಲ್ಲಿ ಕೂತು ಕೊಂಡಿ ಹಿಡಿದುಕೊಟ್ಟರು. ಮನೆ ಬಿಡಿಸಿದವನು, ಮನೆ ಬಿಟ್ಟವರು, ಇಬ್ಬರೂ ಹಿಮದಲ್ಲಿ ಒಂದೇ ಸರಪಳಿ ಎಳೆಯುತ್ತಿದ್ದರು. ನಾನು ಬೆಸ್ಸಿಯನ್ನು ಹಿಡಿದುಕೊಂಡು ಕೂತಿದ್ದೆ. ಅವಳು ಎಲ್ಮರ್ ಇದ್ದ ಕಡೆಯ ಗಾಜಿಗೆ ಮೂತಿ ಒತ್ತಿಕೊಂಡು ಕುಂಯ್‌ಗುಡುತ್ತಿದ್ದಳು.

ಹಿಮ

ಕಾರ್ಲ್ ಅರವತ್ತರ ಸುಮಾರಿನ, ಮಾತು ಕಡಿಮೆಯ ಮನುಷ್ಯ. ಹೆಂಡತಿ ಅಕ್ಕನ ಮನೆಗೆ ಹೋಗಿದ್ದಳಂತೆ, ಅವಳ ಬೂಟು ಕೋಟುಗಳನ್ನು ನನಗೆ ಕೊಟ್ಟ. ಭಾನುವಾರ ಬೆಳಿಗ್ಗೆ ಸೀರೆಯ ಮೇಲೆ ಆ ಕೋಟು ತೊಟ್ಟು ನಾನು ಹೊರಗೆ ಬಂದಾಗ ಅವನ ನಾಲ್ಕು ನಾಯಿಗಳೂ ಬೊಗಳಿದವು. ಬೈಯುವ ಹಾಗಿರಲಿಲ್ಲ, ನಾನಾದರೂ ಬೊಗಳುತ್ತಿದ್ದೆ.

ಮನೆಯ ಹಿಂದೆಯೇ ಸೂಜಿಯೆಲೆಯ ಫರ್ ಮರಗಳ ಎಳೆಯ ತೋಪು, ಕೊಂಬೆಗಳು ಹಿಮದ ಭಾರಕ್ಕೆ ನೆಲ ಮುಟ್ಟಿದ್ದವು. ಮೊಲಗಳು ಅದರಡಿಯಲ್ಲಿ ಕೂತಿರುತ್ತವಂತೆ. ಚಳಿಗಾಲಕ್ಕೆ ಮೈಯೆಲ್ಲ ಬೆಳ್ಳಗಾಗುತ್ತದೆ, ಕಿವಿಯ ತುದಿ ಮತ್ತು ಕಣ್ಣು ಮಾತ್ರ ಕಪ್ಪು. ಕಾರ್ಲ್ ನಾಯಿಗಳನ್ನು ಬಿಟ್ಟ. ನಾಲ್ಕು ನಾಯಿಗಳು ತೋಪಿನೊಳಗೆ ನುಗ್ಗಿದವು. ಬೆಸ್ಸಿ ನಿಂತು ಎಲ್ಮರ್ ಮುಖ ನೋಡಿದಳು. ಅವರು ಕೈ ಬೀಸಿದ ಮೇಲೆ ಹೊರಟಳು. ಹಿಂಗಾಲು ಸ್ವಲ್ಪ ಎಳೆಯುತ್ತಿತ್ತು. ಅದನ್ನು ಕಾರ್ಲ್ ಕೂಡ ನೋಡಿದ.

ನಮ್ಮೂರಿನಲ್ಲಿ ಬೇಟೆ ಎಂದರೆ ಕಣ್ಣಿನ ಕೆಲಸ, ಕಾಲಿನ ಕೆಲಸ. ಮೊಲ ಎದ್ದ ಕೂಡಲೇ ಬೇಟೆನಾಯಿ ಅದನ್ನು ನೋಡಿಕೊಂಡೇ ಅಟ್ಟುತ್ತದೆ, ಊರೆಲ್ಲ ಕೂಗುತ್ತ ಹಿಂದೆ ಓಡುತ್ತದೆ, ಚಿಟಿಕೆ ಹೊಡೆಯುವುದರೊಳಗೆ ಮುಗಿಯುತ್ತದೆ. ಇಲ್ಲಿ ಎಲ್ಲ ತಿರುಗುಮುರುಗು. ನಾಯಿ ಮೊಲವನ್ನು ನೋಡುವುದೇ ಇಲ್ಲ. ಹೆಜ್ಜೆಯ ವಾಸನೆ ಹಿಡಿದು, ಅಳುವ ಹಾಗೆ ಕೂಗುತ್ತ, ನಿಧಾನವಾಗಿ ಹಿಂದೆ ಬರುತ್ತದೆ. ಮೊಲ ದೂರ ಹೋಗಿ ದೊಡ್ಡ ಸುತ್ತು ಹೊಡೆದು ತಾನು ಎದ್ದ ಜಾಗಕ್ಕೇ ವಾಪಸು ಬರುತ್ತದೆ. ಬೇಟೆಗಾರ ಅಲ್ಲೇ ಮರದ ಹಾಗೆ ನಿಂತಿರಬೇಕು. ಕೆಮ್ಮಬಾರದು, ಅಲುಗಾಡಬಾರದು. ತಮ್ಮ ಇದನ್ನೆಲ್ಲ ನನಗೆ ಎರಡು ಸಲ ಹೇಳಿದ್ದ.

ನಾಯಿಗಳ ಕೂಗು ದೂರವಾಯಿತು, ಬೆಟ್ಟದ ಬದಿಗೆ ಹೋಯಿತು, ಮತ್ತೆ ತಿರುಗಿತು. ಎಲ್ಮರ್ ಕಣ್ಣು ಮುಚ್ಚಿ ಕೇಳುತ್ತಿದ್ದರು. ಕೈಯಲ್ಲಿ ಕೋವಿ ಇತ್ತು. ತಮ್ಮ ಪಿಸುಗುಟ್ಟಿದ, "ಬೆಸ್ಸಿ ದನಿ ಎಲ್ಲಕ್ಕಿಂತ ಹಿಂದೆ ಇದೆ ಅಂತಿದಾರೆ ಅಕ್ಕ." ಕಾರ್ಲ್‌ಗೂ ಅದು ಕೇಳುತ್ತಿತ್ತು. ಅವನು ಹಿಮದ ಮೇಲೆ ಉಗುಳಿದ.

ಆಗ ನನ್ನೆದುರಿನ ಕೊಂಬೆಯಡಿಯಿಂದ ಎರಡು ಕಪ್ಪು ಚುಕ್ಕೆ ಹೊರಟವು. ಮೊದಲು ಅರ್ಥವಾಗಲಿಲ್ಲ. ಆಮೇಲೆ ಹಿಮದ ಒಂದು ತುಂಡು ಎದ್ದು ನನ್ನತ್ತ ಕುಪ್ಪಳಿಸಿ ಬಂತು. ಮೊಲ! ಐವತ್ತೆರಡು ವರ್ಷ ಮಸಾಲೆ ಅರೆದು ಕಾದವಳ ಕಣ್ಣೆದುರಿಗೆ ಮೊಲ. ನನ್ನ ಬಾಯಿಂದ ಏನು ಬಂತೆಂದು ನನಗೇ ಆಮೇಲೆ ತಿಳಿಯಿತು.

"ಅಗೋ! ಅಗೋ ಹೋಯ್ತು! ಹಿಡ್ಕಳ್ರೋ! ಬುಡ್‌ಬ್ಯಾಡಿ!"

ಕಾಡೇ ಬೆಚ್ಚಿತು. ಮೊಲ ಗಾಳಿಯಲ್ಲೇ ತಿರುಗಿ ಮಾಯವಾಯಿತು. ಕಾರ್ಲ್ ಕೋವಿ ಎತ್ತಿದವನು ಇಳಿಸಿದ. ತಮ್ಮ ಹಣೆ ಚಚ್ಚಿಕೊಂಡ. "ಅಕ್ಕಾ, ಇದು ನಮ್ಮೂರಲ್ಲ!" ನಾನು ಕೋಟಿನೊಳಗೆ ಮುಖ ಹುದುಗಿಸಿಕೊಂಡೆ. ನಾಲ್ಕು ನಾಯಿಗಳು ಕೂಗುತ್ತ ನಮ್ಮ ಮುಂದೆಯೇ ಬಂದವು, ಮೊಲ ತಿರುಗಿದ ಜಾಗ ದಾಟಿ ಸೀದಾ ಓಡಿದವು, ಸ್ವಲ್ಪ ಮುಂದೆ ಹೋಗಿ ಬಾಯಿ ನಿಲ್ಲಿಸಿದವು. ಅತ್ತ ಇತ್ತ ಓಡಾಡಿದವು. ವಾಸನೆ ತಪ್ಪಿತ್ತು. ಬೆದರಿದ ಮೊಲ ತನ್ನ ಹೆಜ್ಜೆಯ ಮೇಲೆಯೇ ಹಿಂದಕ್ಕೆ ಹೋಗಿ, ಪಕ್ಕಕ್ಕೆ ಹಾರಿ, ಎಲ್ಲೋ ಸೇರಿಕೊಂಡಿತ್ತು.

ಬಹಳ ಹೊತ್ತು ಸದ್ದಿಲ್ಲ. ಬೇಟೆ ಕೆಟ್ಟಿತು, ನನ್ನಿಂದಲೇ ಕೆಟ್ಟಿತು, ನಾಯಿಯ ಜೀವವೂ ಹೋಯಿತು ಎಂದು ನನಗೆ ಅಳು ಬಂತು. ಆಗ ಬೆಸ್ಸಿ ಬಂದಳು. ಕುಂಟುತ್ತ, ಮೂಗು ನೆಲಕ್ಕಿಟ್ಟು, ಒಬ್ಬಳೇ. ಮೊಲ ತಿರುಗಿದ ಜಾಗದಲ್ಲಿ ನಿಂತಳು. ಮುಂದೆ ಓಡಲಿಲ್ಲ. ಅಲ್ಲೇ ಒಂದು ಸಣ್ಣ ಸುತ್ತು ಹಾಕಿದಳು, ಆಮೇಲೆ ಇನ್ನೊಂದು, ಸ್ವಲ್ಪ ದೊಡ್ಡದು. ಬಿದ್ದ ಒಂದು ಮರದ ದಿಮ್ಮಿಯ ಹತ್ತಿರ ಅವಳ ಬಾಲ ಅಲುಗಿತು. ಮುಂಗಾಲನ್ನು ದಿಮ್ಮಿಯ ಮೇಲಿಟ್ಟು, ತಲೆ ಎತ್ತಿ ಒಂದೇ ಒಂದು ಉದ್ದನೆಯ ಕೂಗು ಹಾಕಿದಳು. ಉಳಿದ ನಾಲ್ಕು ನಾಯಿಗಳೂ ಬಿದ್ದೆದ್ದು ಅವಳ ಹತ್ತಿರ ಓಡಿ ಬಂದವು.

ನಾನು ನಾಯಿಯನ್ನು ನೋಡುವುದು ಬಿಟ್ಟು ಎಲ್ಮರ್ ಮುಖ ನೋಡಿದೆ. ಓಡಿದರೆ ಅವಳು ಬದುಕುತ್ತಾಳೆ, ಇವರಿಗೆ ತಪ್ಪುತ್ತಾಳೆ. ಓಡದಿದ್ದರೆ ಬುಧವಾರದವರೆಗೆ ಇವರವಳು, ಆಮೇಲೆ ಯಾರವಳೂ ಅಲ್ಲ. ಅವಳ ಕೂಗು ಕೇಳಿದಾಗ ಅವರ ಮುಖ ಮೊದಲು ಅರಳಿತು. ಮಗಳಿಗೆ ಬಹುಮಾನ ಬಂದಾಗ ತಂದೆಯ ಮುಖ ಅರಳುತ್ತದಲ್ಲ, ಹಾಗೆ. ಮರುಗಳಿಗೆಯಲ್ಲಿ ಅವರಿಗೆ ಉಳಿದದ್ದೂ ಹೊಳೆಯಿತು. ಆ ಕಡೆ ತಿರುಗಿ ನಿಂತರು.

ದಿಮ್ಮಿಯಡಿಯಿಂದ ಎದ್ದ ಮೊಲ ಮತ್ತೊಂದು ಸುತ್ತು ಹೊಡೆದು ಎಲ್ಮರ್ ಇದ್ದ ಕಡೆಗೇ ಬಂತು. ಅವರು ಕೋವಿ ಎತ್ತಿ ಹಿಡಿದರು, ಹಿಡಿದುಕೊಂಡೇ ನಿಂತರು, ಇಳಿಸಿದರು. ಬಿಳಿಯ ಮೇಲೆ ಬಿಳಿ, ಪೊರೆ ಬಂದ ಕಣ್ಣಿಗೆ ಕಾಣಲಿಲ್ಲ. ಕಾರ್ಲ್ ಹೊಡೆದ. ನಾನು ಹತ್ತಿರ ಹೋಗಿ ನೋಡಿದೆ. ಅಂಗೈಯಷ್ಟು ಅಗಲದ ಪಾದ, ಬೆರಳ ಸಂದಿಯಲ್ಲೂ ಕೂದಲು. ಹಿಮದ ಮೇಲೆ ನಾಲ್ಕು ಹನಿ ರಕ್ತ. ಊರಿನಲ್ಲಿ ಎಷ್ಟು ಮೊಲ ಹೆಚ್ಚಿದ್ದೇನೋ, ಒಂದರ ಕಣ್ಣು ನೋಡಿದ್ದು ಅದೇ ಮೊದಲು.

ಕಾರ್ಲ್ ಬೆಸ್ಸಿಯ ತಲೆ ಸವರಿ ಹೇಳಿದ, "ಇಂಥ ಮೂಗು ನನ್ನ ನಾಲ್ಕರಲ್ಲಿ ಒಂದಕ್ಕೂ ಇಲ್ಲ. ಇವಳು ಇರಲಿ, ಎಲ್ಮರ್. ಹುಡುಗರಿಗೆ ಬುದ್ಧಿ ಕಲಿಸುತ್ತಾಳೆ."

ಮನೆಯತ್ತ ನಡೆಯುವಾಗ ಎಲ್ಮರ್, ಅವಳ ಹಿಂಗಾಲು ನೋಯುತ್ತಿದೆ ಎಂದರು. ಒಂದು ವಾರ ಎಣ್ಣೆ ನೀವಿ, ಆಮೇಲೆ ಕರೆತಂದರಾಯಿತು ಎಂದರು. ಕಾರ್ಲ್ ಆಗಲಿ ಎಂದ. ತಮ್ಮ ನನ್ನ ಕಡೆ ನೋಡಿದ. ಒಂದು ವಾರ ಅವರು ನಾಯಿಯನ್ನು ಇಟ್ಟುಕೊಳ್ಳುವ ಮನೆ ಎಲ್ಲಿತ್ತು? ಬುಧವಾರ ಬೀಗದ ಕೈ ಕೊಡಬೇಕಾದದ್ದು ನಮಗೇ.

ಕಾರ್ಲ್ ಮನೆಯ ಅಡಿಗೆಮನೆ

ಮೊಲವನ್ನು ನಾನು ಹೆಚ್ಚುತ್ತೇನೆ ಎಂದೆ. ಬೆಳಿಗ್ಗೆಯ ಕೂಗಿಗೆ ಪ್ರಾಯಶ್ಚಿತ್ತವಾಗಿ ಏನಾದರೂ ಮಾಡಬೇಕಿತ್ತು, ಈ ಕೆಲಸ ನನಗೆ ಬರುತ್ತಿತ್ತು. ಕಾರ್ಲ್ ಚರ್ಮ ಸುಲಿದು ಕೊಟ್ಟ. ಮೇಜಿನ ಮೇಲೆ ನ್ಯೂಸ್‌ಪೇಪರ್ ಹಾಸಿ, ತೋಳು ಮಡಚಿ ಶುರುಮಾಡಿದೆ. ಮೂವರು ಗಂಡಸರೂ ಸುತ್ತ ಕೂತರು. ಒಲೆಯ ಬಿಸಿಗೆ ಬೆಸ್ಸಿ ಎಲ್ಮರ್ ಪಾದದ ಮೇಲೆ ತಲೆಯಿಟ್ಟು ಮಲಗಿದ್ದಳು.

ಅವರು ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕುತ್ತಾರಂತೆ. ನಮ್ಮಲ್ಲಿ ಹಾಗಲ್ಲ ಎಂದೆ. ಬೇಟೆಯನ್ನು ಮೊದಲು ಪಾಲು ಹಾಕಬೇಕು. ಗಂಡಸರು ಹಾಕಿದರೆ ಜಗಳ ಎಂದು ನಮ್ಮಜ್ಜಿ ಹಾಕುತ್ತಿದ್ದಳು, ಆಮೇಲೆ ಅಮ್ಮ, ಆಮೇಲೆ ನಾನು. ಕಾರ್ಲ್‌ಗೆ ಕುತೂಹಲವಾಯಿತು, ಹಾಕು ನೋಡೋಣ ಎಂದ. ಎರಡು ದಿನದಲ್ಲಿ ಮೊದಲ ಸಲ ಎಲ್ಮರ್ ಕೂಡ ಸ್ವಲ್ಪ ನಕ್ಕರು. ನನಗೆ ಹುರುಪು ಬಂತು. ಬೇಟೆಗೆ ಬಂದವರಿಗೆ ತಲಾ ಒಂದು ಪಾಲು, ನಾಲ್ಕು ಗುಡ್ಡೆ. ಹೊಡೆದವನಿಗೆ ತಲೆಯ ಭಾಗ ಹೆಚ್ಚು, ಅದನ್ನು ಕಾರ್ಲ್ ಮುಂದಿಟ್ಟೆ. ಉಳಿದದ್ದು ಒಂದು ಒಳ್ಳೆಯ ತೊಡೆ. ಅದನ್ನು ಬೇರೆ ಕಾಗದದ ಮೇಲಿಟ್ಟು, ಎರಡು ಕೈಯಿಂದ ಎಲ್ಮರ್ ಮುಂದೆ ಸರಿಸಿದೆ.

"ಇದು ಯಾರದು?" ಎಂದ ಕಾರ್ಲ್.

"ನಾಯಿ ಪಾಲು ಅಂತ ಹೇಳೋ ಪುಟ್ಟ. ಬೇಟೆ ಸಿಕ್ಕಿದ್ದು ಯಾವ ನಾಯಿಯಿಂದ್ಲೋ ಆ ನಾಯಿಗೆ ಒಂದು ಪಾಲು. ನಾಯಿ ತಿನ್ನೋದು ಮೂಳೆ, ಪಾಲು ಮಾತ್ರ ನಾಯಿ ಒಡೆಯನಿಗೆ. ಅವನಿಗೆ ಮರ್ಯಾದೆ ಅದು. ನಮ್ಮೂರಲ್ಲಿ ಈ ನಾಯಿ ನಂದು ನಿಂದು ಅಂತ ಜಗಳ ಬಂದ್ರೆ, ಹಿಂದಿನ ಬೇಟೇಲಿ ಪಾಲು ಯಾರು ತಗೊಂಡ್ರು ಅಂತ ಕೇಳ್ತಿದ್ರು. ತಗೊಂಡವನದೇ ನಾಯಿ. ಅಷ್ಟೂ ಹೇಳು."

ತಮ್ಮ ಹೇಳಲು ಶುರುಮಾಡಿದ. ಅರ್ಧಕ್ಕೆ ಬಂದಾಗ ಅವನ ದನಿ ಇಳಿಯಿತು. ನನಗೆ ಆಗ ತಿಳಿಯಿತು ನಾನೇನು ಮಾಡಿದೆನೆಂದು. ಬೆಳಿಗ್ಗೆಯಿಂದ ನಾವೆಲ್ಲ ತುಟಿ ಕಚ್ಚಿಕೊಂಡು ಆಡದೆ ಬಿಟ್ಟಿದ್ದ ಮಾತನ್ನು ತೊಡೆಯ ಜೊತೆ ಮೇಜಿನ ಮೇಲೆ ಇಟ್ಟುಬಿಟ್ಟಿದ್ದೆ. ಸಾಕು ನಿಲ್ಲಿಸೋ ಎನ್ನಬೇಕೆಂದುಕೊಂಡೆ. ಅಷ್ಟರಲ್ಲಿ ಅವನು ಮುಗಿಸಿದ್ದ.

ಎಲ್ಮರ್ ಬಹಳ ಹೊತ್ತು ಆ ಕಾಗದವನ್ನು ನೋಡಿದರು. ಕಾರ್ಲ್ ಕಿಟಕಿಯ ಕಡೆ ನೋಡುತ್ತಿದ್ದ. ಕೊನೆಗೆ ಎಲ್ಮರ್ ಅದರ ಅಂಚನ್ನು ಎರಡು ಬೆರಳಿನಿಂದ ಹಿಡಿದು, ಮೇಜಿನ ಮೇಲೆ ನಿಧಾನವಾಗಿ ಸರಿಸುತ್ತ, ಕಾರ್ಲ್ ಮುಂದೆ ಇಟ್ಟರು.

"ಹಾಗಾದರೆ ಇದು ನಿನ್ನದು," ಎಂದರು. ಅಷ್ಟು ಇಂಗ್ಲಿಷ್ ನನಗೂ ಅರ್ಥವಾಯಿತು.

ನಾನು ಕ್ಷಮೆ ಕೇಳಿದೆ. ಯಾವ ಭಾಷೆಯಲ್ಲಿ ಕೇಳಿದೆನೋ ತಿಳಿಯದು. ಅವರು ರಕ್ತ ಹತ್ತಿದ ನನ್ನ ಕೈಯ ಮೇಲೆ ಕೈಯಿಟ್ಟು, ಒಳ್ಳೆಯ ಪದ್ಧತಿ, ಇಲ್ಲದಿದ್ದರೆ ನನ್ನಿಂದ ಆಗುತ್ತಿರಲಿಲ್ಲ ಎಂದರಂತೆ. ತಮ್ಮ ಅದನ್ನು ನನಗೆ ಹೇಳಿದ್ದು ಊರಿಗೆ ಹೊರಡುವ ದಿನ ಏರ್‌ಪೋರ್ಟಿನಲ್ಲಿ.

ಸಾರಿನ ಹದ ಚೆನ್ನಾಗಿತ್ತು ಎಂದು ಕಾ‌ರ್ಲ್ ಹೇಳಿದ. ಕತ್ತಲಾಗುವುದರೊಳಗೆ ಬೆಟ್ಟ ಇಳಿಯಬೇಕಿತ್ತು, ಊಟ ಮುಗಿಸಿ ಎದ್ದೆವು. ಎಲ್ಮರ್ ಎದ್ದ ಕೂಡಲೇ ಬೆಸ್ಸಿಯೂ ಎದ್ದು, ಮೈ ಕೊಡವಿ, ಅವರಿಗಿಂತ ಮೊದಲು ಬಾಗಿಲ ಹತ್ತಿರ ಹೋಗಿ ನಿಂತಳು. ಅವರು ಬಗ್ಗಿ ಅವಳ ಕೊರಳಪಟ್ಟಿಯನ್ನು ಸರಿಮಾಡಿದರು. ಅದು ಸರಿಯಾಗಿಯೇ ಇತ್ತು.

ಕಾರ್ಲ್ ಹಗ್ಗ ತರಲು ಹೊರಟ, ಇಲ್ಲದಿದ್ದರೆ ಗಾಡಿಯ ಹಿಂದೆ ಓಡಿ ಬರುತ್ತಾಳೆ ಎಂದ. ಎಲ್ಮರ್ ಬೇಡ ಎಂದು ತಲೆಯಾಡಿಸಿದರು. ನೇರ ನಿಂತು, ಒಂದು ಬೆರಳು ತೋರಿಸಿ, ಒಂದೇ ಮಾತು ಹೇಳಿದರು.

"ಸ್ಟೇ."

ಒಂಬತ್ತು ವರ್ಷ ಅವರೇ ಕಲಿಸಿದ ಮಾತು. ಬೆಸ್ಸಿ ಕೂತಳು. ನಾವು ಮೂವರೂ ಅವಳನ್ನು ಬಳಸಿಕೊಂಡು ಹೊರಗೆ ಬಂದೆವು. ಬಾಗಿಲು ತೆರೆದೇ ಇತ್ತು. ಗಾಡಿ ಶುರುವಾಯಿತು, ತಿರುಗಿತು, ರಸ್ತೆಗೆ ಇಳಿಯಿತು. ಎಲ್ಮರ್ ಹಿಂದೆ ನೋಡಲಿಲ್ಲ, ನೋಡಿದ್ದರೂ ಅವರಿಗೆ ಕಾಣುತ್ತಿರಲಿಲ್ಲ. ನಾನು ನೋಡಿದೆ. ಅವಳು ಹೊಸಿಲ ಒಳಗೆ, ಅವರು ಕೂರಿಸಿದ ಜಾಗದಲ್ಲಿ, ಹಾಗೆಯೇ ಕೂತಿದ್ದಳು.

"ಕೂತಿದ್ದಾಳಾ?" ಎಂದು ಎಲ್ಮರ್ ಕೇಳಿದರು.

"ಕೂತವಳೆ," ಎಂದೆ ಕನ್ನಡದಲ್ಲೇ. ತಮ್ಮ ಅದನ್ನು ಅವರಿಗೆ ಹೇಳಬೇಕಾಗಲಿಲ್ಲ.